ದಿಕ್ಕು ಹೇಳುವವನ ಹೊಣೆ

ಕಾಣದುದನ್ನು ಕಂಡಂತೆ ನುಡಿಯುವುದು ಅನೃತವೆನಿಸುವುದೇ? ನುಡಿದವನು ತನ್ನ ಮಾತನ್ನು ತಾನೇ ನಂಬಿರುವಾಗ ಅವನನ್ನು ಸುಳ್ಳುಗಾರನೆನ್ನಲು ನಾಲಗೆ ಏಳದು. ಆದರೂ ಅವನು ನಿರ್ದೋಷಿಯೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ದಿಕ್ಕಿನ ವಿಷಯವನ್ನೇ ತೆಗೆದುಕೊಳ್ಳೋಣ.

ಸೂರ್ಯನು ಮೂಡುವ ಕಡೆ ಪೂರ್ವವೆಂಬುದು ಎಳೆಯ ಮಕ್ಕಳೂ ಬಲ್ಲ ಮಾತು. ಆದರೆ ಅವನು ನೆಟ್ಟನೆ ಪೂರ್ವದಲ್ಲಿ ಮೂಡುವುದು ವರ್ಷಕ್ಕೆ ಎರಡೇ ಸಲ, ಮಾರ್ಚ್ 21 ಹಾಗೂ ಸೆಪ್ಟೆಂಬರ್ 23ರ ಸುಮಾರಿಗೆ. ಧಾರವಾಡದ ಸೀಮೆಯಲ್ಲಿ ಜೂನ್ 21ರ ಹೊತ್ತಿಗೆ ಅವನು ಪೂರ್ವದಿಂದ ಸುಮಾರು 24 ಅಂಶ ಉತ್ತರಕ್ಕೆ, ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ ಸರಿದಿರುತ್ತಾನೆ. ಆ ಉದಯವನ್ನೇ ಪೂರ್ವವೆಂದು ತೋರಿಸಿದರೆ, ಬಯಲಿನಲ್ಲಿ 10 ಕಿಲೋಮೀಟರು ನಡೆದವನು ಗುರಿಯಿಂದ 4 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ನಿಂತಾನು. ನಡುಹಗಲಿನ ನೆರಳು ಉತ್ತರಕ್ಕೆ ಬೀಳುವುದೆಂಬ ಮಾತೂ ಅಂತಹುದೇ. ಜೂನಿನಲ್ಲಿ ಅದೇ ಸೀಮೆಯಲ್ಲಿ ಅದು ದಕ್ಷಿಣಕ್ಕೆ ಬೀಳುತ್ತದೆ. ಹೇಳಿದವನು ಮನೆಯ ಕಟ್ಟೆಯ ಮೇಲೆಯೇ ಕುಳಿತಿರುತ್ತಾನೆ. ತಪ್ಪಿನ ದಂಡವನ್ನು ತೆರುವುದು ನಡೆದವನ ಕಾಲು.

ಪರೀಕ್ಷಿಸಲು ಸಾಧನವಿಲ್ಲವೆಂಬ ನೆಪವೂ ಸಲ್ಲದು. ಒಂದು ಕೋಲು, ಒಂದು ಹಗ್ಗ ಸಾಕು. ಪ್ರಾಚೀನರು ಆ ಕೋಲನ್ನು ಶಂಕುವೆಂದು ಕರೆದರು. ಕಾತ್ಯಾಯನ ಶುಲ್ಬಸೂತ್ರದಲ್ಲಿಯೇ ಅದರ ಕ್ರಮವಿದೆ. ಸಮನೆಲದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು (ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡುವುದು ಲೇಸು, ಕೋಲು ವಾಲಿದರೆ ಲೆಕ್ಕವೂ ವಾಲುತ್ತದೆ). ಅದರ ಬುಡವನ್ನು ಕೇಂದ್ರವಾಗಿಸಿ ಹಗ್ಗದಿಂದ ವೃತ್ತವನ್ನೆಳೆಯಬೇಕು. ಮುಂಜಾನೆ ನೀಳವಾಗಿದ್ದ ನೆರಳು ಕುಗ್ಗುತ್ತ ಬಂದು ಅದರ ತುದಿ ವೃತ್ತವನ್ನು ಮುಟ್ಟಿದಲ್ಲಿ ಒಂದು ಗುರುತು; ಮಧ್ಯಾಹ್ನ ಕಳೆದು ಬೆಳೆಯುತ್ತ ಮತ್ತೆ ಮುಟ್ಟಿದಲ್ಲಿ ಇನ್ನೊಂದು. ಮೊದಲನೆಯದು ಪಶ್ಚಿಮದ್ದು, ಎರಡನೆಯದು ಪೂರ್ವದ್ದು. ಎರಡನ್ನೂ ಕೂಡಿಸುವ ಗೆರೆಯೇ ಪೂರ್ವಪಶ್ಚಿಮ ರೇಖೆ. ಒಂದೇ ಗುರುತನ್ನು ನೋಡಿ ಎದ್ದು ಹೋದವನಿಗೆ ಏನೂ ತಿಳಿಯದು. ಇಲ್ಲಿ ಬೇಕಾದುದು ಜಾಣ್ಮೆಗಿಂತ ತಾಳ್ಮೆ; ಪರರ ದಾರಿಗಾಗಿ ಅದನ್ನು ವ್ಯಯಿಸಲು ನಾವು ಸಾಮಾನ್ಯವಾಗಿ ಒಲ್ಲೆವು.

ಎಲ್ಲವನ್ನೂ ತಾನೇ ಅಳೆದು ನೋಡಲು ಸಂಸಾರಿಗೆ ಎಲ್ಲಿಯ ಬಿಡುವು ಎಂದು ವಾಚಕರು ಕೇಳಬಹುದು. ಅದು ನಿಜವೇ. ಹಿರಿಯರ ಮಾತನ್ನು ನಂಬಿಯೇ ಬಾಳು ಸಾಗಬೇಕು. ಅಂತಹ ನಂಬಿಕೆಯಲ್ಲಿ ದೋಷವನ್ನು ಕಾಣಲಾರೆ. ಕೇಳಿದುದನ್ನು ಕಂಡುದೆಂದು ಇನ್ನೊಬ್ಬರಿಗೆ ದಾಟಿಸುವಲ್ಲಿ ದೋಷವು ಹುಟ್ಟುತ್ತದೆ. 'ಹೀಗೆಂದು ಕೇಳಿಬಲ್ಲೆ, ನಾನು ನೋಡಿಲ್ಲ' ಎಂದರೆ ದಾರಿಗನು ಎಚ್ಚರದಿಂದ ನಡೆದಾನು. ಮೋಡ ಮುಸುಕಿದ ದಿನ ಅಷ್ಟನ್ನೇ ಹೇಳಲು ಸಾಧ್ಯ.

ಶಂಕುವಿನ ರೇಖೆಯಾದರೂ ಪೂರ್ಣವಲ್ಲ. ಎರಡು ಗುರುತುಗಳ ನಡುವಣ ಹೊತ್ತಿನಲ್ಲಿಯೇ ಸೂರ್ಯನು ಉತ್ತರಕ್ಕೋ ದಕ್ಷಿಣಕ್ಕೋ ಕೂದಲೆಳೆಯಷ್ಟು ಸರಿದಿರುತ್ತಾನೆ. ಆ ಅಂತರವನ್ನು ತಿದ್ದುವ ಲೆಕ್ಕವನ್ನೂ ಭಾಸ್ಕರಾಚಾರ್ಯರು 1150ರ ಸಿದ್ಧಾಂತಶಿರೋಮಣಿಯಲ್ಲಿ ಕೊಟ್ಟಿದ್ದಾರೆ.