ಪ್ರಶಾಂತತೆಯ ಬೆಲೆ

ಸುಖವು ಎಲ್ಲರಿಗೂ ಇಷ್ಟವಾದುದೇ. ಆದರೆ ನಾವು ಅನುಭವಿಸುವ ಸುಖದ ಬೆಲೆಯನ್ನು ಬೇರೊಬ್ಬರು ತೆರುತ್ತಿರುವರೆಂದು ತಿಳಿದ ಮೇಲೆಯೂ ನಾವು ಅದನ್ನು ನಿಶ್ಚಿಂತೆಯಿಂದ ಅನುಭವಿಸಬಹುದೆ? ಈ ಪ್ರಶ್ನೆಯು ನನ್ನಲ್ಲಿ ಮೂಡಿದುದು ಗ್ರಂಥಾವಲೋಕನದಿಂದಲ್ಲ. ಅಂಕೋಲೆಯ ಕಡಲತೀರದಲ್ಲಿ, ಒಂದು ಸಾಯಂಕಾಲ.

ಕಳೆದ ಜೂನ್ ತಿಂಗಳಲ್ಲಿ ನಾವು ನಾಲ್ವರು ಮಿತ್ರರು ಹುಬ್ಬಳ್ಳಿಯಿಂದ ಮೋಟಾರಿನಲ್ಲಿ ಹೊರಟು, ಯಲ್ಲಾಪುರವನ್ನು ದಾಟಿ, ಅರಬೈಲ ಘಟ್ಟವನ್ನಿಳಿದು ಅಂಕೋಲೆಗೆ ಬಂದೆವು. ಮಳೆ ಆಗತಾನೆ ಹೊಳವಾಗಿತ್ತು. ಪೇಟೆಗೆ ಅನತಿದೂರದಲ್ಲಿರುವ ಕೇಣಿಯ ತೀರಕ್ಕೆ ಹೋದಾಗ ದೋಣಿಗಳು ದಡದಲ್ಲಿ ಮಲಗಿದ್ದವು. ಅಲೆಗಳ ಮೊರೆತವೊಂದನ್ನುಳಿದು ಬೇರೆ ಸದ್ದಿರಲಿಲ್ಲ. ಅಲ್ಲಿ ಒಣಮೀನಿನ ಬುಟ್ಟಿಯೊಡನೆ ಕುಳಿತಿದ್ದ ವೃದ್ಧೆಯೊಬ್ಬಳ ಸಂಗಡ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡಿ, ವ್ಯಾಪಾರ ಕುದುರದೆ, ನಾನು ಹಿಂದಿರುಗಿದೆನು. ಅಷ್ಟರಲ್ಲಿ ಮಿತ್ರನೊಬ್ಬನು, “ಎಂಥ ಶಾಂತಿ! ಇಲ್ಲಿಯ ಜನರೇ ಪುಣ್ಯವಂತರು!” ಎಂದು ಉದ್ಗರಿಸಿದನು. ನಾನೂ ತಲೆದೂಗಿದೆನು.

ವೃದ್ಧೆಯು ಅದನ್ನು ಕೇಳಿ ನಕ್ಕಳು. “ದೋಣಿ ಕಡಲಿಗಿಳಿಯದಿದ್ದರೆ ಊರು ಸುಮ್ಮನೇ ಇರ್ತದೆ, ತಮ್ಮಾ. ಆಗಸ್ಟ್ ಬರುವ ತನಕ ನಮ್ಮ ಒಲೆಯೂ ಅರ್ಧ ಸುಮ್ಮನೇ.”

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ, 61 ದಿನಗಳ ಕಾಲ, ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಆ ಕಾಲದಲ್ಲಿ ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವುದರಿಂದ ಈ ನಿಯಮ. ನಾವು ಶಾಂತಿಯೆಂದು ಕೊಂಡಾಡಿದುದು ಅವರ ಪಾಲಿಗೆ ಬಾರದ ಕೂಲಿಯಾಗಿತ್ತು. ದೂರದ ಬೆಟ್ಟ ನುಣ್ಣಗೆ!

ಹಾಗಾದರೆ ಈ ನಿಯಮವೇ ಅನ್ಯಾಯವೆ? ಅಲ್ಲ. ಇದೇ ಅಂಕೋಲೆಯ ಜನರು 1930ರ ಏಪ್ರಿಲಿನಲ್ಲಿ, ಗಾಂಧೀಜಿಯವರು ದಂಡಿಯಲ್ಲಿ ಉಪ್ಪನ್ನೆತ್ತಿದ ಕೆಲವೇ ದಿನಗಳಲ್ಲಿ, ಉಪ್ಪಿನ ಕಾಯಿದೆಯನ್ನು ಮುರಿದವರು. ಆ ಕಾಯಿದೆಯು ಕಡಲು ಕೊಟ್ಟುದನ್ನು ಬಡವನ ಕೈಯಿಂದ ಕಸಿದು ಪರರಾಜ್ಯದ ಬೊಕ್ಕಸಕ್ಕೆ ತುಂಬುತ್ತಿತ್ತು. ಇಂದಿನ ನಿಯಮವಾದರೋ ನಾಳಿನ ಬಲೆ ಬರಿದಾಗದಿರಲೆಂದು ಇಂದಿನ ಕೈಯನ್ನು ತಡೆಯುತ್ತದೆ. ಅದನ್ನು ಮುರಿದುದು ಧರ್ಮ. ಇದನ್ನು ಪಾಲಿಸುವುದೂ ಧರ್ಮ.

ಆದರೆ ಈ ವ್ರತದ ಫಲವು ಮೀನುಗಾರನೊಬ್ಬನಿಗೇ ಸಲ್ಲುವುದಿಲ್ಲ. ಘಟ್ಟದ ಮೇಲೆ ಕುಳಿತು ಮೀನುಣ್ಣುವವರಿಗೂ, ತೀರದ ನಿಶ್ಶಬ್ದವನ್ನು ಸವಿಯಲು ಬರುವ ನಮ್ಮಂಥವರಿಗೂ ಅದರಲ್ಲಿ ಪಾಲುಂಟು. ಫಲವು ಎಲ್ಲರದು, ಉಪವಾಸವು ಕೆಲವರದು ಎಂಬಲ್ಲಿಯೇ ಅನ್ಯಾಯವಿದೆ. ಸರ್ಕಾರದ ಪರಿಹಾರ ಯೋಜನೆಗಳು ಭಾರವನ್ನು ತುಸು ಇಳಿಸಬಹುದು. ಅದರಿಂದ ನಮ್ಮ ಋಣವು ತೀರಿತೆನ್ನಲಾಗದು.

ಪ್ರವಾಸಿಯು ಈ ಋಣವನ್ನು ತೀರಿಸುವುದೆಂತು? ಮನೆಯಲ್ಲಿ ಕುಳಿತು ಮರುಗುವುದರಿಂದ ಯಾರ ಒಲೆಯೂ ಉರಿಯದು. ಭಿಕ್ಷೆಯಂತೆ ಕೊಡುವ ಹಣವು ದುಡಿವವರ ಮಾನಕ್ಕೆ ಕುಂದು. ಪರರ ಕಷ್ಟವನ್ನು ಅವರ ಪುಣ್ಯವೆಂದು ಕರೆಯದಿರುವುದು, ಅವರು ಕೇಳಿದ ನ್ಯಾಯವಾದ ಬೆಲೆಯನ್ನು ಕೊಡುವುದು, ಇವೆರಡೂ ಅಲ್ಪವೆನಿಸಬಹುದು. ಆದರೆ ಅಷ್ಟನ್ನೂ ಮಾಡದವನು ಹೆಚ್ಚಿನದನ್ನು ಮಾಡುವನೆಂದು ನಂಬುವುದು ಹೇಗೆ?

ಮರುದಿನ ಬೆಳಗ್ಗೆ ನಾನೊಬ್ಬನೇ ಕೇಣಿಗೆ ಹೋಗಿ ಆ ವೃದ್ಧೆ ಹೇಳಿದ ಬೆಲೆಯನ್ನೇ ಕೊಟ್ಟೆನು. ಅವಳು ಹಣವನ್ನು ಸೆರಗಿಗೆ ಗಂಟು ಹಾಕಿಕೊಂಡು, ಬುಟ್ಟಿಯಿಂದ ಇನ್ನೊಂದು ಮುಷ್ಟಿ ಮೀನನ್ನು ಕೊಸರೆಂದು ಚೀಲಕ್ಕೆ ಹಾಕಿದಳು. ಬೇಡವೆಂದರೂ ಕೇಳಲಿಲ್ಲ. ಋಣವನ್ನು ಇಳಿಸಲು ಹೋದವನು ಮತ್ತಷ್ಟು ಹೊತ್ತುಕೊಂಡು ಬಂದೆನು.