ಪರದೇಶದ ವಿದ್ಯೆ, ಮನೆಯ ಋಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಈ ಎರಡನ್ನೂ ಒಟ್ಟಿಗೆ ಸಾಧಿಸಿಕೊಡುವ ಏರ್ಪಾಡೆಂದರೆ ಪರದೇಶದ ವಿಶ್ವವಿದ್ಯಾನಿಲಯದ ವ್ಯಾಸಂಗ. ಆದರೆ ಸುತ್ತುವುದಕ್ಕೂ ಓದುವುದಕ್ಕೂ ತಗಲುವ ವೆಚ್ಚವನ್ನು ಯಾರು ಕೊಡಬೇಕು, ಕೊಟ್ಟವರಿಗೆ ಏನು ಸಲ್ಲಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಒಂದು ಕಾಲಕ್ಕೆ ಈ ಪ್ರಶ್ನೆ ರಾಜಾಶ್ರಯವುಳ್ಳವರ ಮತ್ತು ಸಿರಿವಂತರ ಮಕ್ಕಳಿಗೆ ಮಾತ್ರ ಮೀಸಲಾಗಿತ್ತು. ಈಗ ಅದು ಮೇಷ್ಟರ ಮನೆಗೂ ಗುಮಾಸ್ತರ ಮನೆಗೂ ಎರಡು ಎಕರೆ ಅಡಕೆ ತೋಟದವರ ಮನೆಗೂ ಬಂದು ಜಗಲಿಯ ಮೇಲೆ ಕುಳಿತಿದೆ. ಆದುದರಿಂದ ಅದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಒಳ್ಳೆಯದು.

ಮಗನೋ ಮಗಳೋ ಹೊರಡುತ್ತೇನೆಂದಾಗ ಮನೆಯವರು ಮೊದಲು ಮಾಡುವ ಕೆಲಸ ದೇಶ ದೇಶಗಳ ವೆಚ್ಚವನ್ನು ತೂಗಿ ನೋಡುವುದು. ಅದು ವಿವೇಕದ ಕೆಲಸವೇ ಸರಿ. ಅಮೆರಿಕದಲ್ಲಿ ಎಂ. ಎಸ್. ಪದವಿಗೆ ಸಾಮಾನ್ಯವಾಗಿ ಎರಡು ವರ್ಷ ಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ ಅಂಥ ಪದವಿ ಬಹುಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯುತ್ತದೆ. ಒಂದು ವರ್ಷದ ಊಟ ವಸತಿ ಉಳಿಯಿತೆಂದರೆ ಅದೇನು ಅಲ್ಪವಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕ ಬಹುಮಟ್ಟಿಗೆ ಇಲ್ಲ. ಹಾಗೆಂದು ಖರ್ಚೇ ಇಲ್ಲವೆಂದಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತವು 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಅರ್ಧವರ್ಷಕ್ಕೆ 1,500 ಯೂರೋ ಶುಲ್ಕ ವಿಧಿಸಿತು. ಶುಲ್ಕವಿಲ್ಲದ ಕಡೆಗೆ ಹೋಗುವವರೂ ಒಂದು ವರ್ಷದ ಜೀವನಕ್ಕೆ ಸಾಲುವಷ್ಟು ಹಣವನ್ನು ಮುಂಚೆಯೇ ಖಾತೆಯಲ್ಲಿ ಕಟ್ಟಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತವನ್ನು 11,904 ಯೂರೋ ಎಂದು ಗೊತ್ತುಮಾಡಿದರು; ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. ಕೆನಡಾ ಹೀಗೆ ತೋರಿಸಬೇಕಾದ ಹಣವನ್ನು 2024ರ ಜನವರಿಯಲ್ಲಿ 10,000 ಡಾಲರಿನಿಂದ 20,635 ಡಾಲರಿಗೆ ಒಮ್ಮೆಗೇ ಏರಿಸಿತು. ಆಸ್ಟ್ರೇಲಿಯ ಅದೇ ವರ್ಷದ ಜುಲೈಯಲ್ಲಿ ವಿದ್ಯಾರ್ಥಿಯ ವೀಸಾದ ಶುಲ್ಕವನ್ನೇ 710ರಿಂದ 1,600 ಡಾಲರಿಗೆ ಮುಟ್ಟಿಸಿತು. ಹೀಗೆ ಕಾಗದದ ಮೇಲೆ ಗೆರೆ ಎಳೆದು ಪಟ್ಟಿ ಬರೆಯುವಷ್ಟರಲ್ಲಿ ಅಂಕಿಗಳು ಬದಲಾಗುತ್ತವೆ.

ಪಟ್ಟಿಯಲ್ಲಿ ಕಾಣದ ಅಂಕಿಗಳೂ ಉಂಟು. ಸಾಲ ರೂಪಾಯಿಯದು, ಶುಲ್ಕ ಡಾಲರಿನದು. 2014ರಲ್ಲಿ ಡಾಲರಿಗೆ ಸುಮಾರು 60 ರೂಪಾಯಿ ಇತ್ತು. 2024ರಲ್ಲಿ 84ರ ಹತ್ತಿರ ಬಂದಿತ್ತು. ಬ್ಯಾಂಕಿನವರು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ. ಆದರೆ ಬಡ್ಡಿ ಮಲಗಿರುವುದಿಲ್ಲ. ನೂರಕ್ಕೆ 11ರ ಬಡ್ಡಿಯಲ್ಲಿ 30 ಲಕ್ಷ ರೂಪಾಯಿ ತಂದರೆಂದು ಇಟ್ಟುಕೊಳ್ಳೋಣ. ಓದುವ ಕಾಲದಲ್ಲಿ ಬೆಳೆದ ಬಡ್ಡಿಯನ್ನು ಬದಿಗಿಟ್ಟು ಅಸಲಿನ ಮೇಲೆ ಮಾತ್ರ ಗುಣಿಸಿದರೂ ಹತ್ತು ವರ್ಷಗಳ ಕಾಲ ತಿಂಗಳು ತಿಂಗಳೂ ಸುಮಾರು 41,000 ರೂಪಾಯಿ ಕಟ್ಟಬೇಕು. ಕಟ್ಟಿದ ಒಟ್ಟು ಹಣ 49 ಲಕ್ಷವನ್ನು ಮೀರುತ್ತದೆ. ಇಷ್ಟನ್ನು ಲೆಕ್ಕ ಬಲ್ಲ ಯಾರಾದರೂ ಹೇಳಬಲ್ಲರು. ಲೆಕ್ಕ ಬಲ್ಲವರು ಹೇಳಲಾರದ ಸಂಗತಿ ಬೇರೆಯಿದೆ. ಈ ಹಣ ಯಾರದು? ಯಾರಿಂದ ಯಾರಿಗೆ ಹೋಗುತ್ತಿದೆ?

ಇಂಗ್ಲೆಂಡಿನಲ್ಲಿ ಓದುವ ಅಲ್ಲಿನ ವಿದ್ಯಾರ್ಥಿಯ ಪದವಿ ಶುಲ್ಕಕ್ಕೆ ಸರ್ಕಾರ ಒಂದು ಮಿತಿ ಹಾಕಿದೆ. 2025-26ನೆಯ ಸಾಲಿಗೆ ಅದು ವರ್ಷಕ್ಕೆ 9,535 ಪೌಂಡು. ಹೊರದೇಶದವರ ಶುಲ್ಕಕ್ಕೆ ಅಂಥ ಮಿತಿಯಿಲ್ಲ. ಅವರಿಂದ ಬರುವ ಹೆಚ್ಚಿನ ಹಣದಿಂದ ಅಲ್ಲಿನ ವಿದ್ಯಾನಿಲಯಗಳು ಬೋಧನೆ ಸಂಶೋಧನೆಗಳ ಕೊರತೆಯನ್ನು ತುಂಬಿಕೊಳ್ಳುತ್ತವೆಂಬುದು ಮುಚ್ಚಿಟ್ಟ ವಿಷಯವಲ್ಲ. ಎಂದಮೇಲೆ ನಮ್ಮ ಮಲೆನಾಡಿನ ಯಾವುದೋ ತೋಟದ ಒತ್ತೆಯ ಹಣ ಪರರ ಮಕ್ಕಳ ಓದಿಗೂ ಒಂದಿಷ್ಟು ಸಲ್ಲುತ್ತಿದೆ ಎನ್ನಬೇಕು. ಜರ್ಮನಿಯಲ್ಲಿ ಇದರ ಪ್ರತಿಯಾದದ್ದು ನಡೆಯುತ್ತದೆ. ಅಲ್ಲಿ ರೊಟ್ಟಿ ಸುಡುವವನೂ ಟ್ರಾಮ್ ನಡೆಸುವವನೂ ಕೊಟ್ಟ ತೆರಿಗೆಯಿಂದ ನಮ್ಮ ಹುಡುಗ ಓದುತ್ತಾನೆ. ಆ ಜನ ಇವನ ಮುಖವನ್ನು ಕಂಡವರಲ್ಲ. ಇಂಥ ಔದಾರ್ಯವೂ ಶಾಶ್ವತವೇನಲ್ಲ. ಹಿಂದೆ ಹೊರಗಿನವರಿಗೂ ಶುಲ್ಕವಿಲ್ಲದೆ ಕಲಿಸುತ್ತಿದ್ದ ಸ್ವೀಡನ್ 2011ರಲ್ಲಿ, ಫಿನ್‌ಲೆಂಡ್ 2017ರಲ್ಲಿ, ನಾರ್ವೆ 2023ರಲ್ಲಿ ಶುಲ್ಕ ತರಲಾರಂಭಿಸಿದವು. ಅಗ್ಗವಾಗಿ ಸಿಕ್ಕಿದ ವಿದ್ಯೆ ಎಂದರೆ ಬೆಲೆಯಿಲ್ಲದ ವಿದ್ಯೆಯಲ್ಲ. ಅದರ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆಂದು ಅರ್ಥ.

ಇನ್ನು ಮನೆಯೊಳಗಿನ ಮಾತಿಗೆ ಬರೋಣ. ತಂದೆತಾಯಿಗಳು ಮಕ್ಕಳ ಕೈಗೆ ಹಣ ಕೊಡುವಾಗ ಅದಕ್ಕೆ ಒಂದು ಹೆಸರಿರಬೇಕು. ಅದು ಕೊಡುಗೆಯಾಗಿರಬಹುದು, ಸಾಲವಾಗಿರಬಹುದು, ಬಂಡವಾಳವಾಗಿರಬಹುದು. ಕೊಡುಗೆಯಾದರೆ ಕೊಟ್ಟವನು ಮರೆಯಬೇಕು, ಪಡೆದವನು ನೆನೆಯಬೇಕು. ಸಾಲವಾದರೆ ಇಬ್ಬರೂ ನೆನಪಿಡಬೇಕು. ತೀರಿದ ದಿನ ಇಬ್ಬರೂ ಬಿಡುಗಡೆ ಹೊಂದುತ್ತಾರೆ. ಬಂಡವಾಳವಾದರೆ ಲಾಭವನ್ನು ಕೇಳುವ ಹಕ್ಕು ಬರುತ್ತದೆ. ಆ ಹಕ್ಕಿಗೆ ಕೊನೆಯೆಂಬುದಿಲ್ಲ. ನಮ್ಮ ಮನೆಗಳಲ್ಲಿ ಆಗುವುದೇನೆಂದರೆ, ಹಣ ಕೊಡುವಾಗ ಕೊಡುಗೆಯೆನ್ನುತ್ತೇವೆ, ಮನಸ್ಸಿನಲ್ಲಿ ಬಂಡವಾಳವೆಂದು ಬರೆದುಕೊಳ್ಳುತ್ತೇವೆ, ಜಗಳ ಬಂದಾಗ ಸಾಲವೆಂದು ಎತ್ತಿ ಆಡುತ್ತೇವೆ. ಮಕ್ಕಳೂ ಕಡಿಮೆಯವರಲ್ಲ. ಪಡೆಯುವಾಗ ಸಾಲವೆನ್ನುತ್ತಾರೆ, ಕೈಯಲ್ಲಿ ಸಂಬಳ ಆಡತೊಡಗಿದ ಮೇಲೆ ಕೊಡುಗೆಯೆಂದು ತಿಳಿಯುತ್ತಾರೆ.

ಈ ಗೊಂದಲಕ್ಕೆ ದೊಡ್ಡವರ ಮನೆಯೂ ಹೊರತಾಗಿರಲಿಲ್ಲ. 1888ರಲ್ಲಿ ಗಾಂಧೀಜಿ ಬ್ಯಾರಿಸ್ಟರ್ ಪರೀಕ್ಷೆಗೆಂದು ಲಂಡನ್ನಿಗೆ ಹೊರಟಾಗ ಕುಟುಂಬದ ಹಿತೈಷಿಗಳಾದ ಮಾವಜಿ ದವೆಯವರು ನಾಲ್ಕೈದು ಸಾವಿರ ರೂಪಾಯಿ ಸಾಕೆಂದು ಅಂದಾಜು ಹೇಳಿದ್ದರು. ಹಣ ಹೊಂದಿಸುವ ಭಾರವನ್ನು ಅಣ್ಣ ಲಕ್ಷ್ಮೀದಾಸರು ಹೊತ್ತರು. ತಮ್ಮನು ಲಂಡನ್ನಿನಲ್ಲಿ ಕಾಸುಕಾಸಿಗೂ ಲೆಕ್ಕ ಬರೆದಿಟ್ಟನು. ಗಾಡಿಯ ಬಾಡಿಗೆ ಉಳಿಸಲು ನಡೆದು ಹೋದನು. ಎರಡು ಕೋಣೆಯ ಬಿಡಾರ ಬಿಟ್ಟು ಒಂದೇ ಕೋಣೆಗೆ ಬಂದನು. ಇಷ್ಟೆಲ್ಲ ಇದ್ದರೂ ಆ ಹಣದ ಹೆಸರೇನೆಂಬುದು ಅಣ್ಣತಮ್ಮಂದಿರ ನಡುವೆ ಇತ್ಯರ್ಥವಾಗಿರಲಿಲ್ಲ. ದಕ್ಷಿಣ ಆಫ್ರಿಕದಲ್ಲಿ ಸಂಪಾದಿಸಿ ಉಳಿಸಿದ್ದನ್ನು ಅಣ್ಣನಿಗೆ ಒಪ್ಪಿಸುತ್ತ ಬಂದಿದ್ದ ಗಾಂಧೀಜಿ, ಮುಂದಿನ ಉಳಿತಾಯವೆಲ್ಲ ಅಲ್ಲಿನ ಜನರ ಸೇವೆಗೆ ಸಲ್ಲುವುದೆಂದು ಒಂದು ದಿನ ಬರೆದರು. ಅಣ್ಣನಿಗೆ ಬಹಳ ನೋವಾಯಿತು. ಕಾಗದ ಬರೆಯುವುದನ್ನೇ ನಿಲ್ಲಿಸಿದರು. ಕೊನೆಗಾಲದಲ್ಲಿ ಅವರ ಮನಸ್ಸು ತಿಳಿಯಾಯಿತೆಂಬುದು ನಿಜ. ಆದರೆ ನಡುವೆ ಕಳೆದ ವರ್ಷಗಳು ಹಿಂದಿರುಗಲಿಲ್ಲ. ಇಲ್ಲಿ ತಪ್ಪು ಯಾರದು? ಇಬ್ಬರಲ್ಲಿ ಒಬ್ಬರೂ ಕೆಟ್ಟವರಲ್ಲ. ತಮ್ಮನ ಪಾಲಿಗೆ ತೀರಿದ ಋಣ ಅಣ್ಣನ ಪಾಲಿಗೆ ಫಲ ಕೊಡಬೇಕಾದ ಮರವಾಗಿತ್ತು.

ಹೆಸರಿಟ್ಟು ಕೊಟ್ಟ ಹಣದ ಉದಾಹರಣೆಗಳೂ ನಮ್ಮಲ್ಲಿವೆ. ಜಮಶೇಟ್‌ಜಿ ಟಾಟಾ ಅವರು 1892ರಲ್ಲಿ ಪರದೇಶದ ವ್ಯಾಸಂಗಕ್ಕೆಂದು ಒಂದು ನಿಧಿಯನ್ನು ಏರ್ಪಡಿಸಿದರು. ಅದರಿಂದ ದೊರೆಯುವುದು ದಾನವಲ್ಲ, ಸಾಲದ ರೂಪದ ವಿದ್ಯಾರ್ಥಿವೇತನ. ತೀರಿಸಿದ ಹಣ ಮುಂದಿನವರ ಓದಿಗೆ ಒದಗುತ್ತದೆ. ನಮ್ಮ ತುಮಕೂರು ಸೀಮೆಯಲ್ಲಿ ಹುಟ್ಟಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿದ ಭೌತವಿಜ್ಞಾನಿ ರಾಜಾ ರಾಮಣ್ಣನವರು ಈ ನೆರವು ಪಡೆದವರಲ್ಲಿ ಒಬ್ಬರು. ಹೀಗೆ ಸಾಲ ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. ಕೊಟ್ಟವನು ಹಂಗಿಸಬೇಕಾಗಿಯೂ ಇಲ್ಲ.

ಇನ್ನೊಂದು ಉದಾಹರಣೆ ಹೆಚ್ಚು ಕಠಿನವಾದುದು. 1913ರಲ್ಲಿ ಅಂಬೇಡ್ಕರರು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಹೋದರು. ಹಿಂದಿರುಗಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದೆಂಬುದು ಕರಾರು. ಕರಾರಿನಂತೆ 1917ರಲ್ಲಿ ಅವರು ಬರೋಡಕ್ಕೆ ಬಂದರು. ಇರಲು ಆ ಊರಿನಲ್ಲಿ ಮನೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪರಹೆಸರಿನಿಂದ ಇದ್ದವರನ್ನು ಜನ ದೊಣ್ಣೆ ಹಿಡಿದು ಬಂದು ಹೊರಡಿಸಿದರು. ಪರದೇಶದಲ್ಲಿ ಓದಿದವರು ಹಿಂದಿರುಗಿ ನಾಡಿನ ಋಣ ತೀರಿಸಬೇಕೆಂದು ಉಪದೇಶ ಮಾಡುವವರು ಇದನ್ನು ಮರೆಯಬಾರದು. ಋಣ ತೀರಿಸಲು ಬಂದವನಿಗೆ ಬಾಗಿಲು ತೆರೆಯುವುದು ಕೊಟ್ಟವರ ಕರ್ತವ್ಯ. ಊರು ಆ ಕರ್ತವ್ಯವನ್ನು ಮಾಡಲಿಲ್ಲ. ಆದರೂ ಅವರು ವಿದ್ಯೆಯ ಋಣವನ್ನು ತೀರಿಸದೆ ಬಿಡಲಿಲ್ಲ. ತಮ್ಮ ಸಂಪಾದನೆಯ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಒಬ್ಬ ಪಾರ್ಸಿ ಮಿತ್ರರ ಸಾಲ ಇವುಗಳಿಂದ 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ ಓದು ಮುಗಿಸಿದರು. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿ ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು.

ನಮ್ಮ ಪೂರ್ವಿಕರು ಪಿತೃಋಣ, ಋಷಿಋಣ ಎಂದು ಬೇರೆಬೇರೆ ಹೆಸರಿಟ್ಟದ್ದರಲ್ಲಿ ಒಂದು ಸೂಕ್ಷ್ಮವಿದೆ. ಈ ಎರಡು ಋಣಗಳೂ ಕೊಟ್ಟವರಿಗೆ ಹಿಂದಿರುಗಿಸತಕ್ಕವಲ್ಲ. ತಂದೆಯ ಋಣ ಮಕ್ಕಳನ್ನು ಬೆಳೆಸುವುದರಿಂದ ತೀರುತ್ತದೆ. ಗುರುವಿನ ಋಣ ಇನ್ನೊಬ್ಬನಿಗೆ ಕಲಿಸುವುದರಿಂದ ತೀರುತ್ತದೆ. ಆದರೆ ಇಲ್ಲಿ ಒಂದು ಮೋಸಕ್ಕೆ ಎಡೆಯಿದೆ. ಊರಿನಲ್ಲಿ ತೋಟ ಒತ್ತೆ ಬಿದ್ದಿರುವಾಗ, ಮಗನು ದೂರದ ದೇಶದಲ್ಲಿ ಕುಳಿತು ತಾನು ಲೋಕಕ್ಕೆ ಋಣ ತೀರಿಸುತ್ತಿದ್ದೇನೆಂದು ಸಮಾಧಾನಪಟ್ಟುಕೊಳ್ಳಬಹುದು. ಆದುದರಿಂದ ರೂಪಾಯಿಯ ಋಣವನ್ನೂ ವಿದ್ಯೆಯ ಋಣವನ್ನೂ ಬೇರೆ ಮಾಡಬೇಕು. ರೂಪಾಯಿಯನ್ನು ಕೊಟ್ಟವರಿಗೇ ಹಿಂದಕ್ಕೆ ಕೊಡಬೇಕು. ವಿದ್ಯೆಯನ್ನು ಮುಂದಿನವರಿಗೆ ಕೊಡಬೇಕು. ಮೊದಲನೆಯದಕ್ಕೆ ಮೊತ್ತವುಂಟು, ಕೊನೆಯುಂಟು. ತೀರಿದ ಮೇಲೆ ಅದರ ಹೆಸರಿನಲ್ಲಿ ಮಗನ ಮದುವೆಯನ್ನಾಗಲಿ ಮನೆಯನ್ನಾಗಲಿ ಇರುವ ಊರನ್ನಾಗಲಿ ತಂದೆ ನಿರ್ಧರಿಸಲಾಗದು. ಎರಡನೆಯದಕ್ಕೆ ಮೊತ್ತವಿಲ್ಲ. ತೆರಿಗೆ ಕೊಟ್ಟು ಓದಿಸಿದ ಜರ್ಮನಿಯ ಅಪರಿಚಿತರಿಗೂ, ಇಲ್ಲಿ ಅಕ್ಷರ ತಿದ್ದಿಸಿದ ಸರ್ಕಾರಿ ಶಾಲೆಯ ಮೇಷ್ಟರಿಗೂ ಸಲ್ಲುವುದು ಅದೇ.

ಹೆತ್ತವರಿಗೂ ಮಕ್ಕಳಿಗೂ ನಡುವೆ ಲೆಕ್ಕ ಪುಸ್ತಕವೇ, ಇದು ವ್ಯಾಪಾರವಾಗಲಿಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮ ಹಳ್ಳಿಯ ಮದುವೆಗಳಲ್ಲಿ ಮುಯ್ಯಿ ಎಂಬ ಪದ್ಧತಿಯುಂಟು. ಚಪ್ಪರದ ಕೆಳಗೆ ಒಬ್ಬರು ಪುಸ್ತಕ ಹಿಡಿದು ಕುಳಿತು ಯಾರು ಎಷ್ಟು ಕೊಟ್ಟರೆಂದು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ಶುಭಕಾರ್ಯದಲ್ಲಿ ಅದಕ್ಕೆ ಒಂದಿಷ್ಟು ಸೇರಿಸಿ ಓದಿಸುತ್ತಾರೆ. ಬರೆದುಕೊಂಡದ್ದರಿಂದ ಯಾರ ಪ್ರೀತಿಯೂ ಕಡಿಮೆಯಾದುದಿಲ್ಲ. ಬರೆಯದೆ ಮನಸ್ಸಿನಲ್ಲಿಟ್ಟುಕೊಂಡ ಲೆಕ್ಕವೇ ನಂಟಸ್ತಿಕೆಯನ್ನು ಕೆಡಿಸುವುದು.

ಕೊಡುಗೆಯೆಂದೇ ಕೊಡಲು ಶಕ್ತಿಯುಳ್ಳವರು ಕೊಡಲಿ. ಅದು ದೊಡ್ಡ ಮಾತು. ಆದರೆ ಇತರರ ಪಾಲನ್ನು ಕೊಡುಗೆಯಾಗಿ ಕೊಡುವ ಅಧಿಕಾರ ಯಾರಿಗೂ ಇಲ್ಲ. ಅಣ್ಣನು ಅಮೆರಿಕಕ್ಕೆ ಹೋಗಲೆಂದು ತಂಗಿಯ ಓದು ಪದವಿಗೇ ನಿಂತರೆ, ಆ ವೆಚ್ಚದಲ್ಲಿ ತಂಗಿಯ ಹೆಸರೂ ಸೇರಿದೆ. ತಾಯಿಯ ಬಳೆ ಬ್ಯಾಂಕಿನ ಪೆಟ್ಟಿಗೆ ಸೇರಿದರೆ, ಸಹಿ ತಂದೆಯದಾದರೂ ಋಣ ತಾಯಿಯದು. ಮುಪ್ಪಿನ ಔಷಧಿಗೆಂದು ಇಟ್ಟ ಹಣವನ್ನು ತೆಗೆದರೆ ಅದನ್ನೂ ಪಟ್ಟಿಯಲ್ಲಿ ಬರೆಯಬೇಕು. ಹೀಗೆ ಬರೆದಾಗ, ಒಂದು ದೇಶ ಇನ್ನೊಂದಕ್ಕಿಂತ ಐದು ಲಕ್ಷ ಅಗ್ಗವೋ ತುಟ್ಟಿಯೋ ಎಂಬ ಪ್ರಶ್ನೆ ತನ್ನ ಸರಿಯಾದ ಸ್ಥಾನಕ್ಕೆ ಬರುತ್ತದೆ.

ಪರದೇಶಕ್ಕೆ ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹೋದವರಿಂದ ನಾಡಿಗೆ ಬಂದ ಬೆಳಕನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಹೋಗುವ ಮುನ್ನ ಒಂದು ಸಂಜೆ ಮನೆಯವರೆಲ್ಲ, ತಂಗಿಯೂ ಸೇರಿ, ನಡುಮನೆಯಲ್ಲಿ ಕುಳಿತು, ಎಷ್ಟು ಹಣ, ಯಾರದು, ಏನೆಂದು ಕೊಡುತ್ತಿದ್ದೇವೆ, ಎಷ್ಟು ಹಿಂದಿರುಗಬೇಕು ಎಂಬುದನ್ನು ಬಾಯಿಬಿಟ್ಟು ಮಾತಾಡಿದರೆ ಸಾಕು. ಆ ಮಾತು ಆಡುವಾಗ ಸಂಕೋಚವಾಗುತ್ತದೆ. ಹತ್ತು ವರ್ಷಗಳ ಮೇಲೆ ದೂರವಾಣಿಯಲ್ಲಿ ಆಡುವುದಕ್ಕಿಂತ ಅದು ಸುಲಭ.