“ಹೋಗುವುದಿಲ್ಲ” ಎಂದ ಮಗ



ಸಾಮಾನ್ಯ ಕಾಲದ ಈ 26ನೇ ಭಾನುವಾರ ಸಂತ ಮತ್ತಾಯರ ಶುಭಸಂದೇಶದ 21ನೇ ಅಧ್ಯಾಯದಿಂದ ಇಬ್ಬರು ಮಕ್ಕಳ ಸಾಮತಿಯನ್ನು ಕೇಳುತ್ತೇವೆ. ದ್ರಾಕ್ಷಿತೋಟಕ್ಕೆ ಹೋಗಿ ಕೆಲಸ ಮಾಡು ಎಂದು ತಂದೆ ಹೇಳಿದಾಗ ಒಬ್ಬ ಮಗ ಖಂಡಿತವಾಗಿ ಹೋಗುವುದಿಲ್ಲ ಎನ್ನುತ್ತಾನೆ, ಆಮೇಲೆ ಮನಸ್ಸು ಬದಲಿಸಿ ಹೋಗುತ್ತಾನೆ. ಇನ್ನೊಬ್ಬ ವಿನಯದಿಂದ ಒಪ್ಪಿಕೊಂಡು ಹೋಗುವುದೇ ಇಲ್ಲ. ಯೇಸುಸ್ವಾಮಿ ಇದನ್ನು ಹೇಳಿದ್ದು ಮಹಾಯಾಜಕರಿಗೂ ಹಿರಿಯರಿಗೂ. ಮಕ್ಕಳನ್ನು ಬೆಳೆಸುವ ಪಾಠವಾಗಿ ಅಲ್ಲ. ಆದರೂ ಯುವ ಬಳಗದವರಾದ ನಮಗೆ ಇದನ್ನು ಓದುವಾಗ ನೆನಪಾದದ್ದು ನಮ್ಮ ಜ್ಞಾನೋಪದೇಶ ತರಗತಿಯ ಒಬ್ಬ ಹುಡುಗ.

ಕೂತುಕೋ ಎಂದರೆ ನಿಲ್ಲುತ್ತಿದ್ದ. ಹಾಡು ಎಂದರೆ ಬಾಯಿ ಬಿಗಿಯುತ್ತಿದ್ದ. ಒಂದು ಭಾನುವಾರ ಹಾಡಿನ ಪುಸ್ತಕ ಎಸೆದಾಗ ನಾವು ಅವನ ತೋಳು ಹಿಡಿದು ಜಗಲಿಗೆ ಕಳಿಸಿದೆವು. ಅವನ ತಾಯಿ ಬಂದಾಗ, “ಮನೆಯಲ್ಲಿ ಸ್ವಲ್ಪ ಬುದ್ಧಿ ಹೇಳಿ” ಎಂದು ನಾಲ್ಕು ಜನರ ಮುಂದೆ ಹೇಳಿದೆವು. ಅವರು ಮಾತಾಡದೆ ಮಗನನ್ನು ಕರೆದುಕೊಂಡು ಹೋದರು. ಮುಂದೆ ಕನ್ನಡ ಬಲಿಪೂಜೆಯಲ್ಲಿ ಅವರು ಕಾಣಲಿಲ್ಲ. ಬೆಳಗಿನ ತಮಿಳು ಪೂಜೆಗೆ ಬಂದು, ಯಾರೂ ಮಾತಾಡಿಸದ ಹಿಂದಿನ ಬಾಗಿಲ ಬಳಿ ಕೂರುತ್ತಾರೆ ಎಂದು ತಿಳಿಯಲು ತಿಂಗಳುಗಳಾದವು. ಕನ್ನಡದ ಮನೆಗಳೇ ಕಡಿಮೆ ಇರುವ ಧರ್ಮಕೇಂದ್ರ ನಮ್ಮದು. ಅದರಲ್ಲಿ ಒಂದು ಮನೆ ದೂರವಾದದ್ದು ನಮ್ಮಿಂದ.

ಕ್ಷಮೆ ಕೇಳಲು ಹೋದೆವು. ಆ ತಾಯಿ ಹೇಳಿದ್ದು ಇಷ್ಟು: “ಸ್ಕೂಲಲ್ಲಿ ತಮಿಳಲ್ಲಿ ಬೈತಾರೆ, ಟ್ಯೂಷನ್ನಲ್ಲಿ ಇಂಗ್ಲಿಷಲ್ಲಿ, ಮನೇಲೂ ಚರ್ಚಲ್ಲೂ ಕನ್ನಡದಲ್ಲಿ. ಒಳ್ಳೇದು ಮಾಡ್ದೆ ಕಣೋ ಅಂತ ಯಾವ ಭಾಷೇಲೂ ಅವನು ಕೇಳಿಲ್ಲ. ನಾನೂ ಹೇಳಿಲ್ಲ.”

ಹಠ ಮಾಡದ ಮಕ್ಕಳಿಲ್ಲ. ಆದರೆ ಸಿಡುಕು, ವಾದ, ಬೇಕೆಂದೇ ಎದುರು ನಿಲ್ಲುವುದು ಆರು ತಿಂಗಳಾದರೂ ಬಿಡದೆ, ಮಗುವಿನ ಬದುಕನ್ನೂ ಮನೆಯವರ ಬದುಕನ್ನೂ ಕೆಡಿಸುತ್ತಿದ್ದರೆ ವೈದ್ಯರು ಅದನ್ನು ಒಪೊಸಿಷನಲ್ ಡಿಫೈಯೆಂಟ್ ಡಿಸಾರ್ಡರ್ ಎಂದು ಗುರುತಿಸಬಹುದು. ಎಷ್ಟೋ ಸಲ ಅದರ ಜೊತೆಗೆ ಎಡಿಎಚ್‌ಡಿ, ಆತಂಕ ಅಥವಾ ಕಲಿಕೆಯ ತೊಂದರೆ ಇರುತ್ತದೆ. ಓದಲು ಬಾರದ ಮಗುವಿಗೆ “ಬರುವುದಿಲ್ಲ” ಎನ್ನುವುದಕ್ಕಿಂತ “ಓದುವುದಿಲ್ಲ” ಎನ್ನುವುದು ಸುಲಭ. ಇದಕ್ಕೆ ಮೊದಲ ಚಿಕಿತ್ಸೆ ಸಾಮಾನ್ಯವಾಗಿ ಮಾತ್ರೆಯಲ್ಲ, ತಂದೆತಾಯಿಗೆ ತರಬೇತಿ. ಬಿಎಸ್ಸಿ ಓದಿದ ನಮಗೂ ಇದು ಹೊಸ ವಿಷಯವಾಗಿತ್ತು.

ನಡೆಯುವುದು ಹೀಗೆ. ನಾವು ಒಂದು ಕೆಲಸ ಹೇಳುತ್ತೇವೆ, ಮಗು ಕಿರುಚುತ್ತದೆ, ನಾವು ಇನ್ನೂ ಜೋರಾಗಿ ಕಿರುಚುತ್ತೇವೆ, ಕೊನೆಗೆ ಸಾಕಾಗಿ ಬಿಟ್ಟುಬಿಡುತ್ತೇವೆ. ಕಿರುಚಿದರೆ ಕೆಲಸ ತಪ್ಪುತ್ತದೆ ಎಂದು ಮಗು ಕಲಿಯಿತು. ಇನ್ನೊಂದು ದಿನ ಅದು ಹೆದರಿ ಮಾತು ಕೇಳಿದರೆ, ಕಿರುಚಿದರೆ ಕೆಲಸ ಆಗುತ್ತದೆ ಎಂದು ನಾವು ಕಲಿತೆವು. ಇದನ್ನು ಮುರಿಯಬೇಕಾದವರು ದೊಡ್ಡವರೇ. ನಿಯಮ ಕೆಲವೇ ಇರಲಿ, ಆದರೆ ದಿನಕ್ಕೊಂದು ರೀತಿ ಬದಲಾಗದಿರಲಿ. ದೂರದಿಂದ ಕೂಗದೆ ಹತ್ತಿರ ಹೋಗಿ ಒಂದೇ ಸಲ ಮೆಲ್ಲಗೆ ಹೇಳಿ, ಸ್ವಲ್ಪ ಕಾಯಿರಿ. ಮಾಡಿದರೆ ಆಗಲೇ, ಹೆಸರು ಹಿಡಿದು ಮೆಚ್ಚಿ. ಮಾಡದಿದ್ದರೆ ಮೊದಲೇ ಹೇಳಿದ ಸಣ್ಣ ಪರಿಣಾಮ, ಆವತ್ತಿನ ಟಿವಿ ಇಲ್ಲ ಎಂಬಂಥದ್ದು. ಹೊಡೆತ ಬೇಡವೇ ಬೇಡ.

ಸಾಮತಿಯಲ್ಲಿ ಮಗ “ಇಲ್ಲ” ಎಂದದ್ದಕ್ಕೂ ಅವನು ತೋಟಕ್ಕೆ ಹೊರಟದ್ದಕ್ಕೂ ನಡುವೆ ಸ್ವಲ್ಪ ಹೊತ್ತಿದೆ. ಆ ಹೊತ್ತಿನಲ್ಲಿ ತಂದೆ ಹೊಡೆದ ಎಂದು ಬರೆದಿಲ್ಲ, ಗೋಗರೆದ ಎಂದಿಲ್ಲ, ಕೆಲಸ ಮನ್ನಾ ಮಾಡಿದ ಎಂದೂ ಇಲ್ಲ. ಆ ಹೊತ್ತನ್ನು ನಾವು ಆ ಹುಡುಗನಿಗೆ ಕೊಟ್ಟಿರಲಿಲ್ಲ. ಮಕ್ಕಳು ವಿಧೇಯರಾಗಿರಬೇಕು ಎಂಬ ಸಂತ ಪೌಲರ ಬೋಧನೆ ನಮಗೆಲ್ಲ ಬಾಯಿಪಾಠ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಅದರ ಬೆನ್ನಿಗೇ, ಮಕ್ಕಳು ಎದೆಗುಂದುವ ಹಾಗೆ ಅವರನ್ನು ಕೆಣಕಬೇಡಿ ಎಂದು ತಂದೆಯರಿಗೆ ಹೇಳಿರುವುದನ್ನು ಯಾರೂ ನೆನಪಿಸುವುದಿಲ್ಲ.

1841ರ ಡಿಸೆಂಬರ್ 8ರಂದು ತುರಿನ್ ನಗರದ ದೇವಾಲಯವೊಂದರಲ್ಲಿ, ಪೂಜೆಗೆ ಸೇವೆ ಮಾಡಲು ಬರುವುದಿಲ್ಲ ಎಂದ ಬಾರ್ತಲೋಮಿಯೊ ಗರೆಲ್ಲಿ ಎಂಬ ಹುಡುಗನನ್ನು ದೇವಾಲಯದ ಕೆಲಸದವನು ಕೋಲಿನಿಂದ ಹೊಡೆದು ಓಡಿಸಿದ. ಸಂತ ಡಾನ್ ಬೋಸ್ಕೊ, ಅವನು ನನ್ನ ಗೆಳೆಯ ಎಂದು ವಾಪಸ್ ಕರೆಸಿದರು. ಓದು ಬರುತ್ತದೆಯೇ, ಹಾಡು ಬರುತ್ತದೆಯೇ ಎಂದರೆ ಎಲ್ಲದಕ್ಕೂ ಇಲ್ಲ. ಸಿಳ್ಳೆ ಹಾಕಲು ಬರುತ್ತದೆಯೇ ಎಂದಾಗ ಹುಡುಗ ನಕ್ಕ. ಜ್ಞಾನೋಪದೇಶ ಅಲ್ಲಿಂದ ಶುರುವಾಯಿತು.

ಇಂಥ ಮಗು ಮನೆಯಲ್ಲಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಸಹಾಯವನ್ನೂ ಪಡೆಯಿರಿ, ಅದರಲ್ಲಿ ನಾಚಿಕೆ ಬೇಡ. ಟೆಲಿ ಮಾನಸ್‌ಗೆ 14416ರಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ಉಳಿದವರಲ್ಲಿ ಒಂದು ಕೋರಿಕೆ: ಪೂಜೆಯಲ್ಲಿ ಮಗು ಗಲಾಟೆ ಮಾಡಿದರೆ ತಿರುಗಿ ಆ ತಾಯಿಯ ಮುಖ ನೋಡಬೇಡಿ.

ಹೋದ ವಾರ ಮತ್ತೆ ಅವರ ಮನೆಗೆ ಹೋಗಿ, ಮೊದಲ ಪರಮಪ್ರಸಾದದ ತರಗತಿಗೆ ಬರುತ್ತೀಯಾ ಎಂದು ಹುಡುಗನನ್ನು ಕೇಳಿದೆವು. “ಬರಲ್ಲ” ಎಂದ. ಸರಿ ಎಂದೆವು. ತರಗತಿ ಭಾನುವಾರ ಒಂಬತ್ತೂವರೆಗೆ, ಕಿಟಕಿ ಪಕ್ಕದ ಜಾಗ ನಿನ್ನದೇ ಎಂದು ಹೇಳಿ ಬಂದೆವು.